ಪಪ್ಪಾಯಿ ರಸ, ಡಾಕ್ಸಿ ಗುಳಿಗೆ, ನೆಲನೆಲ್ಲಿ: ಯಾವುದನ್ನು ಎಷ್ಟು ನಂಬುವುದು?

ಪ್ರಶ್ನೆ: ಪೆರ್ಲದ ಹತ್ತಿರ ನಮ್ಮದು ಅಡಿಕೆ ತೋಟ. ಮಳೆಗಾಲ ಶುರುವಾದರೆ ಆಶಾ ಕಾರ್ಯಕರ್ತೆ ಬಂದು, ಇಲಿಜ್ವರ ಬಾರದ ಹಾಗೆ ವಾರಕ್ಕೊಮ್ಮೆ ತಿನ್ನಿ ಅಂತ ಡಾಕ್ಸಿಸೈಕ್ಲಿನ್ ಗುಳಿಗೆ ಕೊಟ್ಟು ಹೋಗುತ್ತಾರೆ. ಕಾಯಿಲೆಯೇ ಇಲ್ಲದೆ ಆಂಟಿಬಯೋಟಿಕ್ ಯಾಕೆ ಅಂತ ನಾನು ತಿನ್ನುವುದಿಲ್ಲ. ಹೋದ ವರ್ಷ ಪಕ್ಕದ ಮನೆಯವರಿಗೆ ಡೆಂಗಿ ಬಂದು ಪ್ಲೇಟ್‌ಲೆಟ್ 28,000ಕ್ಕೆ ಇಳಿದಿತ್ತು. ಪಪ್ಪಾಯಿ ಸೊಪ್ಪಿನ ರಸ ಕುಡಿದರು, ಮೂರೇ ದಿನದಲ್ಲಿ ಒಂದು ಲಕ್ಷ ದಾಟಿತು. ಮಂಗಳೂರಿನಲ್ಲಿ ಬಿ.ಫಾರ್ಮ ಓದುವ ನನ್ನ ಅಳಿಯ ‘ಇದಕ್ಕೆ ರಿಸರ್ಚ್ ಪೇಪರ್ ಉಂಟು ಮಾವ’ ಅನ್ನುತ್ತಾನೆ. ಅರಸಿನ ಮುಂಡಿಗೆಗೆ (ಕಾಮಾಲೆಗೆ) ನೆಲನೆಲ್ಲಿ ಕೊಡುವವರೂ ಈಗ ಪೇಪರ್ ತೋರಿಸುತ್ತಾರೆ. ಡಾಕ್ಟರರಲ್ಲಿ ಒಬ್ಬರು ಹೌದು ಅಂದರೆ ಇನ್ನೊಬ್ಬರು ಅಲ್ಲ ಅನ್ನುತ್ತಾರೆ. ನಮ್ಮಂಥವರು ಹೇಗೆ ತೀರ್ಮಾನ ಮಾಡುವುದು?

ಉತ್ತರ: ನೇರ ಉತ್ತರ ಮೊದಲು ಕೊಡುತ್ತೇನೆ, ಕಾರಣ ಆಮೇಲೆ. ಮಳೆಗಾಲದಲ್ಲಿ ಕಣಿಯ (ತೋಟದ ನೀರು ಹರಿಯುವ ಕಾಲುವೆಯ) ಕೆಸರಿಗೆ ಇಳಿದು ಕೆಲಸ ಮಾಡುವವರು ನೀವಾದರೆ ಡಾಕ್ಸಿ ಗುಳಿಗೆ ತಿನ್ನಿ. ಡೆಂಗಿ ಬಂದಾಗ ಪಪ್ಪಾಯಿ ರಸವನ್ನು ನೆಚ್ಚಿ ಮನೆಯಲ್ಲಿ ಕೂರಬೇಡಿ. ಕಣ್ಣು ಹಳದಿಯಾದರೆ ನೆಲನೆಲ್ಲಿ ಹುಡುಕುವ ಮೊದಲು ರಕ್ತಪರೀಕ್ಷೆ ಮಾಡಿಸಿ.

ಈ ಉತ್ತರದಲ್ಲಿ ನಿಮ್ಮ ಅಳಿಯನಿಗೆ ಒಂದು ತಕರಾರು ಇದ್ದೇ ಇರುತ್ತದೆ. ಪಪ್ಪಾಯಿಗೂ ಪೇಪರ್‌ಗಳಿಗೇನೂ ಬರವಿಲ್ಲ. ಡಾಕ್ಸಿಯ ಆಧಾರವಾದರೋ ಸ್ವಲ್ಪ ತೆಳುವೇ. ಹಾಗಿದ್ದೂ ಒಂದಕ್ಕೆ ಹೌದು, ಇನ್ನೊಂದಕ್ಕೆ ಬೇಡ ಅನ್ನುವುದು ಯಾವ ನ್ಯಾಯ? ಅವನು ಮುಂದಿನ ಸಲ ಪೇಪರ್ ಕಳಿಸಿದಾಗ ಎರಡು ಮಾತು ಕೇಳಿ ನೋಡಿ. ಮದ್ದು ತಿನ್ನದವರಿಗೆ ಏನಾಯಿತು? ಮತ್ತೆ, ಇವರು ಎಣಿಸಿದ್ದು ಏನನ್ನು? ಇವೆರಡಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲನೆಯ ಪ್ರಶ್ನೆಯನ್ನು ನೀವು ತೋಟದಲ್ಲಿ ದಿನಾ ಕೇಳುತ್ತೀರಿ. ಕೊಳೆರೋಗಕ್ಕೆ ಯಾರೋ ಹೊಸ ಮದ್ದು ತಂದುಕೊಟ್ಟರು ಅಂತಿಟ್ಟುಕೊಳ್ಳಿ. ಇಡೀ ತೋಟಕ್ಕೆ ಬಿಟ್ಟಿರಿ, ಆ ವರ್ಷ ಕೊಳೆ ಬರಲಿಲ್ಲ. ಮದ್ದಿನ ಗುಣವೋ, ಮಳೆ ಕಡಿಮೆ ಬಿದ್ದದ್ದಕ್ಕೋ? ಹೇಳುವ ಹಾಗಿಲ್ಲ. ಅರ್ಧ ತೋಟಕ್ಕೆ ಹೊಸ ಮದ್ದು, ಇನ್ನರ್ಧಕ್ಕೆ ಎಂದಿನ ಬೋರ್ಡೋ ದ್ರಾವಣ ಬಿಟ್ಟಿದ್ದರೆ ಗೊತ್ತಾಗುತ್ತಿತ್ತು. ಅದರಲ್ಲೂ ಗಾಳಿ ಬೆಳಕು ಚೆನ್ನಾಗಿರುವ ಬದಿಗೇ ಹೊಸ ಮದ್ದು ಬಿಟ್ಟರೆ ಲೆಕ್ಕ ತಪ್ಪುತ್ತದೆ. ಯಾವ ಸಾಲಿಗೆ ಯಾವುದು ಅಂತ ಚೀಟಿ ಎತ್ತಬೇಕು. ಮನುಷ್ಯರ ಮದ್ದಿಗೂ ಇದೇ ಕ್ರಮ. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡುತ್ತಾರೆ. ಒಂದಕ್ಕೆ ಮದ್ದು, ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ, ಒಳಗೆ ಮದ್ದಿಲ್ಲದ ಗುಳಿಗೆ. ಯಾರಿಗೆ ಯಾವುದು ಹೋಯಿತೆಂದು ರೋಗಿಗೂ ಗೊತ್ತಿರಬಾರದು, ಪರೀಕ್ಷಿಸುವ ಡಾಕ್ಟರಿಗೂ ಗೊತ್ತಿರಬಾರದು.

ಈಗ ನಿಮ್ಮ ಪಕ್ಕದ ಮನೆಯವರ ಡೆಂಗಿಗೆ ಬರೋಣ. ಡೆಂಗಿಯಲ್ಲಿ ಜ್ವರ ಶುರುವಾಗಿ ಮೂರನೆಯ ದಿನದ ಹೊತ್ತಿಗೆ ಪ್ಲೇಟ್‌ಲೆಟ್ ಇಳಿಯತೊಡಗುತ್ತದೆ. ಐದು, ಆರನೆಯ ದಿನದ ಸುಮಾರಿಗೆ ತಳ ಮುಟ್ಟುತ್ತದೆ. ಆಮೇಲೆ ತಾನಾಗಿಯೇ ಏರುತ್ತದೆ, ಅದೂ ಭರದಿಂದ ಏರುತ್ತದೆ. ಹೆಚ್ಚಿನವರಲ್ಲಿ ಇದು ಮದ್ದು ಕೊಟ್ಟರೂ ಕೊಡದಿದ್ದರೂ ನಡೆಯುವ ಕ್ರಮ. ಈಗ ಯೋಚಿಸಿ, ಪಪ್ಪಾಯಿ ರಸದ ನೆನಪು ನಮಗೆ ಯಾವಾಗ ಬರುತ್ತದೆ? ಕೌಂಟ್ ತಳ ಮುಟ್ಟಿದ ದಿನ. ರಿಪೋರ್ಟ್ ನೋಡಿ ಮನೆಯವರಿಗೆ ಗಾಬರಿಯಾಗುತ್ತದೆ, ಯಾರೋ ಸೊಪ್ಪು ತರುತ್ತಾರೆ, ಮೂಗು ಹಿಡಿದು ಕುಡಿಸುತ್ತಾರೆ. ಮರುದಿನದಿಂದ ಕೌಂಟ್ ಏರುತ್ತದೆ. ಅದೇ ಹೊತ್ತಿಗೆ ಎಳನೀರು ಕೊಟ್ಟಿದ್ದರೂ, ಕಿವಿ ಹಣ್ಣು ಕೊಟ್ಟಿದ್ದರೂ, ಏನೂ ಕೊಡದಿದ್ದರೂ ಏರುತ್ತಿತ್ತು. ನಿಮ್ಮ ನೆರೆಯವರು ಸುಳ್ಳು ಹೇಳುತ್ತಿಲ್ಲ. ಅವರು ಕಂಡದ್ದು ನಿಜವೇ. ರಸ ಕುಡಿಯದ ಇನ್ನೊಬ್ಬರನ್ನು ಪಕ್ಕದಲ್ಲಿಟ್ಟು ನೋಡುವ ಅವಕಾಶ ಅವರಿಗಿರಲಿಲ್ಲ, ಅಷ್ಟೆ.

ಹಾಗಾದರೆ ಅಳಿಯನ ಪೇಪರ್? ಅವನು ಕಳಿಸಿದ್ದು ಬಹುಶಃ 2013ರಲ್ಲಿ ಬಂದ ಮಲೇಷ್ಯಾದ ಪ್ರಯೋಗ. 228 ಡೆಂಗಿ ರೋಗಿಗಳು, ಎರಡು ಗುಂಪು. ಒಂದು ಗುಂಪಿಗೆ ಆಸ್ಪತ್ರೆಯ ಎಂದಿನ ಚಿಕಿತ್ಸೆಯ ಜೊತೆ 50 ಗ್ರಾಂ ಎಲೆಯ ರಸ, ದಿನಕ್ಕೊಂದು ಸಲ, ಮೂರು ದಿನ. 40 ಗಂಟೆಯ ನಂತರ ಆ ಗುಂಪಿನಲ್ಲಿ ಪ್ಲೇಟ್‌ಲೆಟ್ ಹೆಚ್ಚು ಏರಿತ್ತು. ಹೋಲಿಕೆಗೆ ಇನ್ನೊಂದು ಗುಂಪು ಇತ್ತಲ್ಲ, ಅಷ್ಟರ ಮಟ್ಟಿಗೆ ನೆರೆಮನೆಯ ಕತೆಗಿಂತ ಇದು ಮೇಲು. ಆದರೆ ಯಾರು ರಸ ಕುಡಿದರು ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಅದಕ್ಕಿಂತ ದೊಡ್ಡ ಪ್ರಶ್ನೆ ನಾನು ಹೇಳಿದ ಎರಡನೆಯದು: ಎಣಿಸಿದ್ದು ಏನನ್ನು? ಪ್ಲೇಟ್‌ಲೆಟ್ಟನ್ನು. ಡೆಂಗಿಯಲ್ಲಿ ಜನ ಸಾಯುವುದು ಹೆಚ್ಚಾಗಿ ಪ್ಲೇಟ್‌ಲೆಟ್ ಇಳಿದದ್ದಕ್ಕಲ್ಲ. ರಕ್ತನಾಳದಿಂದ ನೀರಿನ ಅಂಶ ಸೋರಿ, ಬಿಪಿ ಕುಸಿದು, ಶಾಕ್‌ಗೆ ಹೋಗಿ. ಪ್ಲೇಟ್‌ಲೆಟ್ ಸ್ವಲ್ಪ ಬೇಗ ಏರಿಸಿದರೆ ಆ ಸೋರಿಕೆ ನಿಲ್ಲುತ್ತದೆ, ಜೀವ ಉಳಿಯುತ್ತದೆ ಅಂತ ಆ ಪ್ರಯೋಗ ತೋರಿಸಿಲ್ಲ.

ಕೌಂಟ್ ಏರಿದರೆ ಒಳ್ಳೆಯದೇ ಆಗಬೇಕಲ್ವಾ ಅಂತ ನಿಮಗೆ ಅನ್ನಿಸಬಹುದು. ಅದನ್ನೂ ಪರೀಕ್ಷಿಸಿದ್ದಾರೆ. ಸಿಂಗಪುರ ಮತ್ತು ಮಲೇಷ್ಯಾದ ಆಸ್ಪತ್ರೆಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗ ಅದು. ಪ್ಲೇಟ್‌ಲೆಟ್ 20,000 ಅಥವಾ ಅದಕ್ಕಿಂತ ಕೆಳಗೆ ಇಳಿದಿದ್ದ, ಆದರೆ ದೊಡ್ಡ ರಕ್ತಸ್ರಾವ ಇಲ್ಲದ 372 ಮಂದಿ ದೊಡ್ಡವರು. ಅರ್ಧದಷ್ಟು ಮಂದಿಗೆ ಪ್ಲೇಟ್‌ಲೆಟ್ಟನ್ನೇ ನೇರ ರಕ್ತಕ್ಕೆ ಏರಿಸಿದರು. ಉಳಿದವರನ್ನು ಕಣ್ಣಿಟ್ಟು ನೋಡಿಕೊಂಡರು. ಏರಿಸಿದವರಲ್ಲಿ ನೂರಕ್ಕೆ 21 ಮಂದಿಗೆ ರಕ್ತಸ್ರಾವವಾಯಿತು, ಏರಿಸದವರಲ್ಲಿ 26 ಮಂದಿಗೆ. ಈ ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದಾದಷ್ಟು ಚಿಕ್ಕದು. ಅಡ್ಡಪರಿಣಾಮ ಮಾತ್ರ ಏರಿಸಿದವರಲ್ಲಿ ಒಟ್ಟು 13, ಏರಿಸದವರಲ್ಲಿ ಒಟ್ಟು 2 (ಇದು ನೂರಕ್ಕೆ ಇಷ್ಟು ಅನ್ನುವ ಲೆಕ್ಕ ಅಲ್ಲ). ಅಂದರೆ ಪ್ಲೇಟ್‌ಲೆಟ್ಟನ್ನೇ ಚೀಲಗಟ್ಟಲೆ ಕೊಟ್ಟರೂ ಲಾಭ ಕಾಣಲಿಲ್ಲ. ಎಲೆಯ ರಸ ಅದನ್ನು ಒಂದಿಷ್ಟು ಏರಿಸಿದರೆ ಏನು ಸಿಕ್ಕೀತು?

ನಮ್ಮ ಕಡೆ ಇದು ಬರೀ ಪುಸ್ತಕದ ಚರ್ಚೆ ಅಲ್ಲ. ಕೌಂಟ್ 40,000 ಅಂದ ಕೂಡಲೇ ಪ್ಲೇಟ್‌ಲೆಟ್ ದಾನಿ ಬೇಕು ಅಂತ ವಾಟ್ಸಾಪ್ ಗುಂಪುಗಳಲ್ಲಿ ಮೆಸೇಜ್ ಓಡುತ್ತದೆ, ಕಾರು ತಲಪಾಡಿ ದಾಟಿ ಮಂಗಳೂರಿಗೆ ಓಡುತ್ತದೆ. ರಕ್ತಸ್ರಾವ ಇಲ್ಲದಿದ್ದರೆ ನಮ್ಮ ದೇಶದ ಮಾರ್ಗಸೂಚಿ ಪ್ಲೇಟ್‌ಲೆಟ್ ಏರಿಸುವ ಮಾತೆತ್ತುವುದು 10,000ಕ್ಕಿಂತ ಕೆಳಗೆ ಇಳಿದಾಗ. ಹಾಗಾಗಿ ಆ ಒಂದು ಅಂಕಿಯನ್ನೇ ನೋಡುತ್ತ ಕೂರಬೇಡಿ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು, ಚಡಪಡಿಕೆ, ಮೂತ್ರ ಕಡಿಮೆಯಾಗುವುದು. ಇವು ಬಂದರೆ ಕೌಂಟ್ ಎಷ್ಟೇ ಇರಲಿ, ಹೊರಡಿ. ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಡೆಂಗಿಯಲ್ಲಿ ಅಪಾಯದ ಹೊತ್ತು ಬರುವುದು ಜ್ವರ ಇಳಿಯುವಾಗ. ಮೈ ತಣ್ಣಗಾಯಿತು, ಗುಣವಾಯಿತು ಅಂತ ಮನೆಗೆ ಹೊರಡುವ ದಿನವೇ ಹೆಚ್ಚು ನೋಡಿಕೊಳ್ಳಬೇಕಾದ ದಿನ. ಕಹಿ ರಸ ಕುಡಿಸಿ ಅದೇ ದಿನ ವಾಂತಿ ಬಂದರೆ, ರಸದ ವಾಂತಿಯೋ ರೋಗದ ವಾಂತಿಯೋ ಹೇಗೆ ಹೇಳುವುದು? ನನ್ನ ಮುಖ್ಯ ಆಕ್ಷೇಪ ಅದೇ. ಮೈಕೈ ನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ತಿನ್ನಬೇಡಿ. ಪ್ಯಾರಾಸಿಟಮಾಲ್ ಸಾಕು.

ಇನ್ನು ಡಾಕ್ಸಿ. ಕಾಯಿಲೆ ಇಲ್ಲದೆ ಆಂಟಿಬಯೋಟಿಕ್ ಯಾಕೆ ಅನ್ನುವ ನಿಮ್ಮ ಅನುಮಾನ ಒಳ್ಳೆಯದೇ. ಎಲ್ಲರೂ ಹೀಗೆ ಅನುಮಾನಪಟ್ಟಿದ್ದರೆ ಶೀತಕ್ಕೆಲ್ಲ ಅಜಿತ್ರೊಮೈಸಿನ್ ನುಂಗುವುದು ನಿಲ್ಲುತ್ತಿತ್ತು. ಆದರೆ ಇಲ್ಲಿನ ಲೆಕ್ಕ ಬೇರೆ.

ಇಲಿಜ್ವರದ ರೋಗಾಣು ಇಲಿ, ದನ, ನಾಯಿಗಳ ಮೂತ್ರದಲ್ಲಿ ಹೊರಬರುತ್ತದೆ. ಮಳೆನೀರಿನಲ್ಲಿ, ಕೆಸರಿನಲ್ಲಿ ದಿನಗಟ್ಟಲೆ ಬದುಕಿರುತ್ತದೆ. ಕಾಲಿನ ಗಾಯ, ನೀರಲ್ಲಿ ನೆನೆದು ಮೆತ್ತಗಾದ ಚರ್ಮ, ಇವುಗಳ ಮೂಲಕ ಒಳಗೆ ಬರುತ್ತದೆ. ಅಡಿಕೆ ತೋಟದ ಕಣಿ ಬಿಡಿಸುವವರು, ಗದ್ದೆಗೆ ಇಳಿಯುವವರು, ಹಟ್ಟಿ ತೊಳೆಯುವವರು, ಎಲ್ಲರಿಗೂ ಇದು ಹತ್ತಿರದ ರೋಗ. ತಡೆಯಲು ಡಾಕ್ಸಿ ಕೊಡಬಹುದು ಅನ್ನುವುದಕ್ಕೆ ಮೊದಲ ಗಟ್ಟಿ ಆಧಾರ ಸಿಕ್ಕಿದ್ದು 1984ರಲ್ಲಿ, ಅದೂ ಅಮೆರಿಕದ ಸೈನಿಕರಿಂದ. ಪನಾಮದ ಕಾಡಿಗೆ ಮೂರು ವಾರದ ತರಬೇತಿಗೆ ಹೋದ 940 ಸೈನಿಕರು. ಅರ್ಧ ಮಂದಿಗೆ ವಾರಕ್ಕೆ 200 ಮಿಲಿಗ್ರಾಂ ಡಾಕ್ಸಿ, ಉಳಿದವರಿಗೆ ಮದ್ದಿಲ್ಲದ ಗುಳಿಗೆ. ಮದ್ದಿಲ್ಲದ ಗುಂಪಿನಲ್ಲಿ 20 ಮಂದಿಗೆ ಇಲಿಜ್ವರ ಬಂತು. ಡಾಕ್ಸಿ ಗುಂಪಿನಲ್ಲಿ ಒಬ್ಬನಿಗೆ. ಇಂಥ ಫಲಿತಾಂಶ ಅಪರೂಪ.

ಆದರೆ ನೀವು ಮೂರು ವಾರಕ್ಕೆ ಕಾಡಿಗೆ ಹೋಗಿಬರುವ ಸೈನಿಕರಲ್ಲ. ಮಳೆಗಾಲ ಇಡೀ ಅದೇ ಕೆಸರಿನಲ್ಲಿ ಇರುವವರು. ಹಿಂದೆ ಎಷ್ಟೋ ಸಲ ರೋಗಾಣು ಮೈಗೆ ಬಂದು ಹೋಗಿರಲೂಬಹುದು. ನಿಮಗೆ ಹೆಚ್ಚು ಹತ್ತಿರದ ಪ್ರಯೋಗ 2000ದಲ್ಲಿ ಪ್ರಕಟವಾದ ಉತ್ತರ ಅಂಡಮಾನಿನದ್ದು. ಅಲ್ಲಿ 782 ಮಂದಿಯ ಮೇಲೆ ಅದೇ 200 ಮಿಲಿಗ್ರಾಂ, ವಾರಕ್ಕೊಮ್ಮೆ. ಸೋಂಕು ತಗಲುವುದು ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಇತ್ತು. ಆದರೆ ಕಾಯಿಲೆ ಬಿದ್ದವರು ಡಾಕ್ಸಿ ಗುಂಪಿನಲ್ಲಿ ನೂರಕ್ಕೆ 3.11, ಮದ್ದಿಲ್ಲದ ಗುಂಪಿನಲ್ಲಿ 6.82. ಪನಾಮದಷ್ಟು ಚಂದದ ಅಂಕಿ ಅಲ್ಲ. ಆದರೆ ಇಲ್ಲಿ ಎಣಿಸಿದ್ದು ಕಾಯಿಲೆಯನ್ನು. ಒಬ್ಬ ಮನುಷ್ಯ ಹಾಸಿಗೆ ಹಿಡಿದನೋ ಇಲ್ಲವೋ ಅನ್ನುವುದನ್ನು. ಇಲಿಜ್ವರ ಕೆಟ್ಟರೆ ಕಿಡ್ನಿ, ಲಿವರ್, ಶ್ವಾಸಕೋಶಕ್ಕೆ ಹೋಗುತ್ತದೆ. ಅದನ್ನು ಅರ್ಧಕ್ಕೆ ಇಳಿಸಿದರೂ ನನಗೆ ಸಾಕು.

ಇನ್ನೊಂದು ಕಡೆಯ ಮಾತನ್ನೂ ಹೇಳಬೇಕು. ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ಕೊಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2009ರಲ್ಲಿ ಈ ವಿಷಯ ಪರಿಶೀಲಿಸಿತು. ಲಾಭ ಸ್ಪಷ್ಟವಿಲ್ಲ, ಹೊಟ್ಟೆ ತೊಳಸುವುದು, ವಾಂತಿ ಮಾತ್ರ ಹೆಚ್ಚು ಅಂತ ಹೇಳಿತು. ನಿಮಗೆ ಬೇಡ ಅಂದ ಡಾಕ್ಟರ್ ಇದನ್ನು ಓದಿದವರಿರಬಹುದು. ಬೇಕು ಅಂದವರು 2018ರ ಆಗಸ್ಟ್ ಪ್ರವಾಹದ ನಂತರ ಕೇರಳದಲ್ಲಿ ಇಲಿಜ್ವರ ಹೇಗೆ ಹಬ್ಬಿತು ಅನ್ನುವುದನ್ನು ನೋಡಿದವರಿರಬಹುದು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಬ್ಬರ ಎದುರಿಗಿರುವ ಜನ ಬೇರೆ. ಊರಿಗೆಲ್ಲ ಹಂಚಬೇಕೇ ಅಂದರೆ ಆಧಾರ ಸಾಲದು ಅನ್ನುತ್ತೇನೆ. ಮೊಣಕಾಲಿನ ತನಕ ಕಣಿಯಲ್ಲಿ ನಿಲ್ಲುವವನಿಗೆ ಬೇಕೇ ಅಂದರೆ ಹೌದು ಅನ್ನುತ್ತೇನೆ. ಕೆಸರಿಗೆ ಇಳಿಯದ ಅಜ್ಜಿಗೆ ಆ ಗುಳಿಗೆ ಬೇಡ. ತಿನ್ನುವವರು ಊಟದ ನಂತರ, ದೊಡ್ಡ ಲೋಟ ನೀರಿನಲ್ಲಿ ನುಂಗಬೇಕು, ಕೂಡಲೇ ಮಲಗಬಾರದು. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಹುಣ್ಣಾಗುತ್ತದೆ. ಕಬ್ಬಿಣದ ಗುಳಿಗೆ, ಆ್ಯಸಿಡಿಟಿ ಮದ್ದು ಜೊತೆಗೆ ಬೇಡ. ಗರ್ಭಿಣಿಯರು ಮತ್ತು ಸಣ್ಣ ಮಕ್ಕಳ ವಿಷಯದಲ್ಲಿ ಆರೋಗ್ಯ ಕೇಂದ್ರದಲ್ಲಿ ಕೇಳಿಯೇ ಮುಂದುವರಿಯಿರಿ. ಗುಳಿಗೆ ತಿಂದೆ ಅಂತ ಗಮ್‌ಬೂಟ್ ಮೂಲೆಗೆ ಎಸೆಯಬೇಡಿ.

ಅರಸಿನ ಮುಂಡಿಗೆಯ ಕತೆ ಚಿಕ್ಕದು, ಆದರೆ ನನಗೆ ಅದೇ ಹೆಚ್ಚು ಭಯ. ನೀರಿನಿಂದ ಬರುವ ಹೆಪಟೈಟಿಸ್ ಎ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಹೋಗುತ್ತದೆ. ಹಾಗಾಗಿ ಯಾವ ಮದ್ದು ಕೊಟ್ಟವರಿಗೂ ಹೆಸರು ಬರುತ್ತದೆ. ನೆಲನೆಲ್ಲಿಗೆ ಪೇಪರ್ ಇರುವುದೂ ನಿಜವೇ. 1988ರಲ್ಲಿ ಮದ್ರಾಸಿನ ಸಂಶೋಧಕರು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಹೆಪಟೈಟಿಸ್ ಬಿ ವೈರಸ್ಸನ್ನು ಮೈಯಲ್ಲಿ ಹೊತ್ತವರಿಗೆ 30 ದಿನ ನೆಲನೆಲ್ಲಿ ಕೊಟ್ಟಾಗ 37ರಲ್ಲಿ 22 ಮಂದಿಯ ರಕ್ತದಲ್ಲಿ ವೈರಸ್ಸಿನ ಗುರುತು ಕಾಣೆಯಾಯಿತು. ಮದ್ದಿಲ್ಲದ ಗುಂಪಿನಲ್ಲಿ 23ರಲ್ಲಿ ಒಬ್ಬರಿಗೆ. ಜಗತ್ತಿಗೇ ಕುತೂಹಲ ಹುಟ್ಟಿತು. ಥಾಯ್ಲೆಂಡಿನಲ್ಲಿ, ನ್ಯೂಜಿಲೆಂಡಿನಲ್ಲಿ ಮತ್ತೆ ಮಾಡಿ ನೋಡಿದರು. ಆ ಫಲ ಸಿಗಲಿಲ್ಲ. ನೆಲನೆಲ್ಲಿ ಕೊಡುವವರು ತೋರಿಸುವುದು ಮೊದಲನೆಯ ಪೇಪರನ್ನು ಮಾತ್ರ. ಸಾಲದ್ದಕ್ಕೆ ಅದು ಹೆಪಟೈಟಿಸ್ ಬಿಯ ಪೇಪರ್, ಊರಲ್ಲಿ ಮಳೆಗಾಲಕ್ಕೆ ಬರುವುದು ಹೆಚ್ಚಾಗಿ ಎ. ಒಂದು ಚಿಕ್ಕ ಪ್ರಯೋಗದ ದೊಡ್ಡ ಫಲಿತಾಂಶ ಕಂಡರೆ, ಬೇರೆಯವರು ಮಾಡಿದಾಗ ಏನಾಯಿತು ಅಂತ ಅಳಿಯನಲ್ಲಿ ಹುಡುಕಿಸಿ.

ಭಯ ಅಂದೆನಲ್ಲ, ಅದು ಇದಕ್ಕೆ: ಇಲಿಜ್ವರ ಕೆಟ್ಟಾಗಲೂ ಕಣ್ಣು ಹಳದಿಯಾಗುತ್ತದೆ. ಜ್ವರದ ಜೊತೆ ಹಳದಿ, ಮೀನಖಂಡದ ನೋವು, ಕೆಂಪು ಕಣ್ಣು, ಮೂತ್ರ ಕಡಿಮೆ ಇದ್ದರೆ ಅದು ಆಸ್ಪತ್ರೆಗೆ ಹೋಗಬೇಕಾದ ಹಳದಿ. ಅದನ್ನು ಮುಂಡಿಗೆ ಅಂದುಕೊಂಡು ಪಥ್ಯ ಮಾಡುತ್ತ ವಾರ ಕಳೆದರೆ ಕಿಡ್ನಿ ಕಾಯುವುದಿಲ್ಲ. ಗರ್ಭಿಣಿಯರಿಗೆ ಬರುವ ಹೆಪಟೈಟಿಸ್ ಇ ಕೂಡ ಹಾಗೆಯೇ, ಮನೆಮದ್ದಿನ ಸಂಗತಿಯಲ್ಲ.

ಅಳಿಯನಿಗೆ ಒಳ್ಳೆಯ ಪೇಪರ್ ಓದಿಸಬೇಕೆಂದಿದ್ದರೆ ನಮ್ಮ ದೇಶದ್ದೇ ಎರಡು ಹೇಳುತ್ತೇನೆ. ಒಂದು, ಕೋವಿಡ್ ಕಾಲದ ಪ್ಲಾಸ್ಮಾ ಚಿಕಿತ್ಸೆ. ಗುಣವಾದವರ ರಕ್ತದ ಪ್ಲಾಸ್ಮಾದಲ್ಲಿ ಪ್ರತಿಕಾಯ ಇದೆ, ಕೊಟ್ಟರೆ ಗುಣವಾಗಬೇಕು. ಕೇಳಲು ಎಷ್ಟು ಸರಿ! 2020ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಪರೀಕ್ಷಿಸಿತು. ರೋಗ ಉಲ್ಬಣಿಸುವುದಾಗಲಿ ಸಾವಾಗಲಿ ಕಡಿಮೆಯಾಗಲಿಲ್ಲ. ಆ ಫಲಿತಾಂಶ ಬಂದ ಮೇಲೂ ಜನ ಪ್ಲಾಸ್ಮಾಕ್ಕಾಗಿ ಓಡಾಡುವುದು ನಿಲ್ಲಲಿಲ್ಲ. ಮಾರ್ಗಸೂಚಿಯಿಂದ ಅದನ್ನು ತೆಗೆದದ್ದು 2021ರ ಮೇಯಲ್ಲಿ. ಇನ್ನೊಂದು, ವೆಲ್ಲೂರಿನ ಸಿಎಂಸಿ ಆಸ್ಪತ್ರೆಯವರ ಮುಂದಾಳುತನದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸ್ಕ್ರಬ್ ಟೈಫಸ್ ಪ್ರಯೋಗ. ಪೊದೆಯಲ್ಲಿರುವ ಸಣ್ಣ ಹುಳ ಕಚ್ಚಿ ಬರುವ ಜ್ವರ ಅದು. ತೀವ್ರವಾಗಿದ್ದ ಸುಮಾರು 800 ರೋಗಿಗಳಲ್ಲಿ ಡಾಕ್ಸಿ ಮಾತ್ರ, ಅಜಿತ್ರೊಮೈಸಿನ್ ಮಾತ್ರ, ಎರಡೂ ಸೇರಿಸಿ, ಹೀಗೆ ಮೂರು ಗುಂಪು. ಸಾವು, ಏಳನೆಯ ದಿನಕ್ಕೂ ಉಳಿದ ತೊಡಕು, ಐದನೆಯ ದಿನಕ್ಕೂ ಬಿಡದ ಜ್ವರ, ಈ ಮೂರನ್ನೂ ಕೂಡಿಸಿ ಎಣಿಸಿದರು. ಎರಡು ಮದ್ದು ಸೇರಿಸಿದಾಗ ನೂರಕ್ಕೆ 33, ಒಂಟಿ ಡಾಕ್ಸಿಗೆ 47, ಒಂಟಿ ಅಜಿತ್ರೊಮೈಸಿನ್‌ಗೆ 48. ಒಳ್ಳೆಯ ಸುದ್ದಿ. ಆದರೆ ಸಾವನ್ನು ಮಾತ್ರ ಬಿಡಿಸಿ ನೋಡಿದರೆ ಗುಂಪುಗಳ ನಡುವೆ ಹೇಳುವಂಥ ವ್ಯತ್ಯಾಸ ಇರಲಿಲ್ಲ. ಪೇಪರ್ ಬರೆದವರು ಅದನ್ನು ಮುಚ್ಚಿಡಲಿಲ್ಲ. ಕೂಡಿಸಿದ ಅಂಕಿ ಕಂಡಲ್ಲಿ ಬಿಡಿಸಿ ನೋಡುವುದನ್ನು ಹುಡುಗ ಕಲಿಯಲಿ.

ನೀವು ಕೇಳಿಲ್ಲ, ಆದರೂ ಒಂದು ಮಾತು. ಜ್ವರ ಬಂದರೆ ‘ಒಂದು ಬಾಟ್ಲಿ ಗ್ಲೂಕೋಸ್ ಹಾಕಿಸಿ’ ಅನ್ನುವ ಅಭ್ಯಾಸ ನಮ್ಮಲ್ಲಿ ಜೋರು. ಹಾಕಿದರೆ ತೊಂದರೆ ಏನು ಅಂತ ಎಲ್ಲರ ಭಾವನೆ. ಉಗಾಂಡಾ, ಕೀನ್ಯಾ, ಟಾಂಜಾನಿಯಾದಲ್ಲಿ ತೀವ್ರ ಜ್ವರದಿಂದ ರಕ್ತಸಂಚಾರ ಕುಂದಿದ್ದ ಮಕ್ಕಳಿಗೆ ಬೇಗ ಬೇಗ ಡ್ರಿಪ್ ಕೊಟ್ಟು ನೋಡಿದ ದೊಡ್ಡ ಪ್ರಯೋಗ 2011ರಲ್ಲಿ ಬಂತು. ಡ್ರಿಪ್ ಕೊಟ್ಟ ಮಕ್ಕಳಲ್ಲಿ ಎರಡು ದಿನದೊಳಗೆ ಸತ್ತವರು ನೂರಕ್ಕೆ ಹತ್ತಕ್ಕಿಂತ ಹೆಚ್ಚು, ಹಾಗೆ ಕೊಡದವರಲ್ಲಿ 7.3. ಡಾಕ್ಟರುಗಳೇ ನಂಬಲು ಕಷ್ಟಪಟ್ಟ ಫಲಿತಾಂಶ ಅದು. ಡೆಂಗಿಯಲ್ಲೂ ನೀರು ಎಷ್ಟು, ಯಾವಾಗ ಅನ್ನುವುದು ಅಳೆದು ಕೊಡಬೇಕಾದ ಮದ್ದು. ಬಾಯಲ್ಲಿ ಗಂಜಿನೀರು, ಎಳನೀರು, ಓಆರ್‌ಎಸ್ ಇಳಿಯುತ್ತಿದ್ದರೆ ಬಾಟ್ಲಿಗೆ ಹಟ ಮಾಡಬೇಡಿ.

ಮಳೆಗಾಲದಲ್ಲಿ ಜ್ವರ ಬಂದು ಡಾಕ್ಟರ ಹತ್ತಿರ ಹೋದಾಗ ತೋಟದ ಕೆಲಸ, ತೋಡಿನ ನೀರು, ಕಾಲಿನ ಗಾಯ, ಇವನ್ನು ಅವರು ಕೇಳದಿದ್ದರೂ ನೀವಾಗಿ ಹೇಳಿ. ಇಲಿಜ್ವರದ ಪ್ರತಿಕಾಯ ಪರೀಕ್ಷೆ ಮೊದಲ ವಾರದಲ್ಲಿ ನೆಗೆಟಿವ್ ಬರುವುದು ಸಾಮಾನ್ಯ. ರಿಪೋರ್ಟ್ ನೆಗೆಟಿವ್ ಅಂದ ಮಾತ್ರಕ್ಕೆ ರೋಗ ಇಲ್ಲ ಅಂತಲ್ಲ. ಎಷ್ಟೋ ಸಲ ಡಾಕ್ಟರು ಅನುಮಾನದ ಮೇಲೆಯೇ ಮದ್ದು ಶುರುಮಾಡುತ್ತಾರೆ, ಮಾಡಬೇಕು ಕೂಡ. ವಾರಕ್ಕೊಮ್ಮೆ ಡಾಕ್ಸಿ ತಿನ್ನುತ್ತಿದ್ದರೆ ಅದನ್ನೂ ಹೇಳಿ. ಗುಳಿಗೆ ತಿಂದಿದ್ದಾರೆ, ಇಲಿಜ್ವರ ಆಗಿರಲಾರದು ಅಂತ ಯಾರಾದರೂ ಪಕ್ಕಕ್ಕಿಟ್ಟರೆ ಅಂಡಮಾನಿನ ಲೆಕ್ಕ ನೆನಪಿಸಿ: ತಪ್ಪದೆ ಗುಳಿಗೆ ಕೊಟ್ಟ ಗುಂಪಿನಲ್ಲೂ ನೂರಕ್ಕೆ ಮೂರು ಮಂದಿಗೆ ಕಾಯಿಲೆ ಬಂದಿತ್ತು.